ಕೆಡವಿ ಹಿಗ್ಗಿಸಿದ ಮ್ಯೂಸಿಯಂ

ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂ ಕಟ್ಟಡದ ಹೊಟ್ಟೆ ಸೀಳಿಕೊಂಡು ಒಂದು ದಾರಿ ಹೋಗುತ್ತದೆ. ಮೇಲೆ ಕಮಾನು ಚಾವಣಿ, ಅಕ್ಕಪಕ್ಕ ಕಂಬಗಳು, ನಡುವೆ ಬಿಡುವಿಲ್ಲದ ಸೈಕಲ್ಲುಗಳ ಸಾಲು. ಕಚೇರಿಗೆ ಹೊರಟವರು, ಮಗುವನ್ನು ಮುಂದೆ ಕೂರಿಸಿಕೊಂಡ ತಾಯಂದಿರು, ಕಾಲೇಜು ಹುಡುಗರು ದಿನವೂ ಸಾವಿರಗಟ್ಟಲೆ ಇಲ್ಲಿ ಹಾದುಹೋಗುತ್ತಾರೆ. ಅವರ ತಲೆಯ ಮೇಲಿನ ಅಂತಸ್ತಿನಲ್ಲಿ, ರೆಂಬ್ರಾಂಟ್ 1642ರಲ್ಲಿ ಮುಗಿಸಿದ ‘ನೈಟ್ ವಾಚ್’ ಚಿತ್ರವಿದೆ. ಒಂದು ದೇಶ ಕಣ್ಣಿನ ಗೊಂಬೆಯಂತೆ ಕಾಯುವ ಚಿತ್ರ ಮೇಲೆ, ಬೆಲ್ಲು ಬಾರಿಸುತ್ತ ಮನೆಗೆ ಮರಳುವ ಊರಜನ ಕೆಳಗೆ.

ನೆದರ್ಲೆಂಡ್ಸಿನ ಈ ರಾಷ್ಟ್ರೀಯ ಸಂಗ್ರಹಾಲಯದ ಮುಖ್ಯ ಕಟ್ಟಡ ನವೀಕರಣಕ್ಕೆಂದು 2003ರ ಡಿಸೆಂಬರ್‌ನಲ್ಲಿ ಬಾಗಿಲು ಹಾಕಿತು. 2008ಕ್ಕೆ ತೆರೆಯಬೇಕಿತ್ತು. ತೆರೆದದ್ದು 2013ರ ಏಪ್ರಿಲ್ 13ರಂದು. ಖರ್ಚಾದದ್ದು 37.5 ಕೋಟಿ ಯೂರೋ. ಹಳೆಯ ಕಲಾ ಸಂಗ್ರಹಾಲಯವೊಂದನ್ನು ದುರಸ್ತಿ ಮಾಡಿ ಹಿಗ್ಗಿಸುವ ಕೆಲಸ ಏನೇನನ್ನು ಕೇಳುತ್ತದೆ ಎಂದು ತಿಳಿಯಬೇಕಾದರೆ ಈ ಹತ್ತು ವರ್ಷಗಳ ಕತೆಗಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ಅಲ್ಲಿ ಬಹುಪಾಲು ಹೊಸ ಜಾಗ ಸಿಕ್ಕಿದ್ದು ಕಟ್ಟಿದ್ದರಿಂದಲ್ಲ, ಕೆಡವಿದ್ದರಿಂದ. ಎಲ್ಲಕ್ಕಿಂತ ದೊಡ್ಡ ಜಗಳ ನಡೆದದ್ದು ಬಾಗಿಲನ್ನು ಎಲ್ಲಿಡಬೇಕು ಎಂಬುದರ ಮೇಲೆ.

ಕಟ್ಟಡವನ್ನು ರೂಪಿಸಿದವರು ಪಿಯರ್ ಕೌಪರ್ಸ್. ಆಮ್‌ಸ್ಟರ್‌ಡ್ಯಾಮ್‌ನ ಸೆಂಟ್ರಲ್ ರೈಲು ನಿಲ್ದಾಣವೂ ಅವರದೇ. 1885ರಲ್ಲಿ ಮ್ಯೂಸಿಯಂ ತೆರೆದಾಗ ಅದರ ಗೋಪುರಗಳು, ಬಣ್ಣದ ಗಾಜುಗಳು, ಗೋಡೆತುಂಬ ಬರೆದ ಚಿತ್ತಾರಗಳು ಎಲ್ಲರಿಗೂ ಹಿಡಿಸಲಿಲ್ಲ. ಪ್ರಾಟೆಸ್ಟಂಟರೇ ಹೆಚ್ಚಾಗಿ ಆಳುತ್ತಿದ್ದ ನಾಡಿನಲ್ಲಿ ಕ್ಯಾಥಲಿಕ್ ವಾಸ್ತುಶಿಲ್ಪಿಯೊಬ್ಬರು ಕಟ್ಟಿದ ಈ ಕಟ್ಟಡ ಚರ್ಚಿನ ಹಾಗೆ, ಮಠದ ಹಾಗೆ ಇದೆಯೆಂಬ ಟೀಕೆ ಆಗಲೇ ಬಂದಿತ್ತು. ಕಟ್ಟಡದ ನಡುವೆ ದಾರಿ ಬಿಡಬೇಕೆಂಬುದು ನಗರದ ಷರತ್ತಾಗಿತ್ತು. ದಕ್ಷಿಣಕ್ಕೆ ಬೆಳೆಯುತ್ತಿದ್ದ ಹೊಸ ಬಡಾವಣೆಗಳಿಗೆ ಅದು ಹೆಬ್ಬಾಗಿಲಾಗಬೇಕಿತ್ತು. ಷರತ್ತಿಗೆ ಒಪ್ಪಿದ್ದರಿಂದ ನೆಲಮಟ್ಟದಲ್ಲಿ ಮ್ಯೂಸಿಯಂ ಎರಡು ಹೋಳಾಯಿತು. ಒಂದು ಹೋಳಿನಿಂದ ಇನ್ನೊಂದಕ್ಕೆ ಹೋಗಬೇಕಾದರೆ ಮೆಟ್ಟಿಲು ಹತ್ತಿ ಮೇಲಂತಸ್ತಿನಲ್ಲಿ ದಾಟಬೇಕು. ಮುಂದಿನ ಎಲ್ಲ ತೊಡಕಿಗೂ ಬೀಜ ಬಿದ್ದದ್ದು ಇಲ್ಲಿ.

ಕೌಪರ್ಸ್ ಎರಡೂ ಹೋಳಿನಲ್ಲಿ ಒಂದೊಂದು ದೊಡ್ಡ ಒಳಂಗಳ ಬಿಟ್ಟಿದ್ದರು. ಗಾಜಿನ ಮಾಡಿನಿಂದ ಬೆಳಕು ಇಳಿದು ಸುತ್ತಲಿನ ಕೋಣೆಗಳಿಗೆಲ್ಲ ಹರಡುತ್ತಿತ್ತು. ಸಂಗ್ರಹ ಬೆಳೆಯಿತು, ಜಾಗ ಸಾಲದಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಬಂದ ನಿರ್ದೇಶಕರು ಒಬ್ಬರಾದ ಮೇಲೊಬ್ಬರು ಆ ಅಂಗಳಗಳನ್ನು ತುಂಬುತ್ತ ಬಂದರು. ನಮ್ಮ ಹಳೆಯ ತೊಟ್ಟಿಮನೆಯ ತೊಟ್ಟಿಯನ್ನೇ ಮುಚ್ಚಿ ಅದರಲ್ಲಿ ಮೂರು ಕೋಣೆ ಎಬ್ಬಿಸಿದರೆ ಏನಾಗುತ್ತದೋ ಅದೇ ಅಲ್ಲೂ ಆಯಿತು. ಬೆಳಕು ಹೋಯಿತು, ದಿಕ್ಕು ತಪ್ಪಿತು. ಮ್ಯೂಸಿಯಂ ಒಳಗೆ ಹೊಕ್ಕವರಿಗೆ ತಾವು ಕಟ್ಟಡದ ಯಾವ ಮೂಲೆಯಲ್ಲಿದ್ದೇವೆ ಎಂಬುದೇ ಗೊತ್ತಾಗದ ಸ್ಥಿತಿ. ಗೋಡೆಯ ಚಿತ್ತಾರಗಳಿಗೆ ಸುಣ್ಣ ಬಳಿದದ್ದೂ ಅದೇ ಕಾಲದಲ್ಲಿ. ಚಿತ್ರಗಳ ಹಿಂದೆ ಬಿಳಿ ಗೋಡೆಯೇ ಇರಬೇಕು, ಅಲಂಕಾರ ಕಣ್ಣಿಗೆ ಅಡ್ಡಿ ಎಂಬುದು ಆಗಿನ ರುಚಿ.

2001ರಲ್ಲಿ ಸ್ಪೇನಿನ ಸೆವಿಲ್ ನಗರದ ಆಂಟೋನಿಯೊ ಕ್ರೂಸ್ ಮತ್ತು ಆಂಟೋನಿಯೊ ಓರ್ಟಿಸ್ ಎಂಬ ವಾಸ್ತುಶಿಲ್ಪಿ ಜೋಡಿ ಆಯ್ಕೆಯಾಯಿತು. ಅವರ ಯೋಜನೆಯ ತಿರುಳು ಬಹಳ ಸರಳ. ಅಂಗಳಗಳಲ್ಲಿ ತುಂಬಿದ್ದನ್ನೆಲ್ಲ ಕಿತ್ತುಹಾಕಿ ಮತ್ತೆ ಬೆಳಕು ತರುವುದು. ಎರಡೂ ಅಂಗಳಗಳ ನೆಲವನ್ನು ತಗ್ಗಿಸಿ, ದಾರಿಯ ಅಡಿಯಲ್ಲಿ ಅವನ್ನು ಒಂದಕ್ಕೊಂದು ಜೋಡಿಸುವುದು. ಹಾಗೆ ಮಾಡಿದರೆ ಹೋಳಾದ ಮ್ಯೂಸಿಯಂ ಒಂದಾಗುತ್ತದೆ. ಟಿಕೆಟ್ ಕೌಂಟರ್, ಪುಸ್ತಕದಂಗಡಿ, ಕಾಫಿ, ಕೋಟು ತೆಗೆದಿಡುವ ಜಾಗ ಎಲ್ಲಕ್ಕೂ ಒಂದೇ ವಿಶಾಲ ಹಜಾರ ಸಿಗುತ್ತದೆ. ಹಳೆಯ ಕಟ್ಟಡದ ಹೊರಮೈಗೆ ಕೈ ಹಚ್ಚುವ ಅಗತ್ಯವೇ ಬೀಳುವುದಿಲ್ಲ. ವಿಸ್ತರಣೆಯೆಂದರೆ ಪಕ್ಕದಲ್ಲಿ ಹೊಸದೊಂದು ಗಾಜಿನ ಪೆಟ್ಟಿಗೆ ನಿಲ್ಲಿಸುವುದೆಂದು ಎಲ್ಲರೂ ನಂಬಿದ್ದ ಕಾಲದಲ್ಲಿ ಇಂಥ ಉತ್ತರ ಹುಡುಕಿದ್ದು ದೊಡ್ಡ ಮಾತು.

ಆ ಹಜಾರಕ್ಕೆ ಜನ ಇಳಿಯುವುದು ಎಲ್ಲಿಂದ? ಸೈಕಲ್ ದಾರಿಯ ನಟ್ಟನಡುವಿನಿಂದ ಅಗಲವಾದ ಇಳಿಜಾರು, ಮೆಟ್ಟಿಲುಗಳು ಎಂದು ಮೊದಲ ನಕ್ಷೆ ಹೇಳಿತು. ವಾಸ್ತುಶಿಲ್ಪಿಗಳ ಕಣ್ಣಿಗೆ ಅದಕ್ಕಿಂತ ಭವ್ಯ ಪ್ರವೇಶ ಇನ್ನೊಂದಿರಲಿಲ್ಲ. ಆದರೆ ಸೈಕಲ್ಲುಗಳಿಗೆ ಉಳಿಯುತ್ತಿದ್ದದ್ದು ಅಂಚಿನಲ್ಲಿ ಇಕ್ಕಟ್ಟಾದ ಪಟ್ಟಿ ಮಾತ್ರ. ನೆದರ್ಲೆಂಡ್ಸಿನ ಸೈಕಲ್ ಸವಾರರ ಸಂಘ ಸಿಡಿದೆದ್ದಿತು. ನೂರು ವರ್ಷಕ್ಕೂ ಮಿಕ್ಕಿ ಸಾರ್ವಜನಿಕವಾಗಿದ್ದ ದಾರಿಯನ್ನು ಮ್ಯೂಸಿಯಂ ನುಂಗುವುದು ಬೇಡವೆಂದು ಸುತ್ತಲಿನ ನಿವಾಸಿಗಳೂ ದನಿಗೂಡಿಸಿದರು. ವಿಷಯ ಸ್ಥಳೀಯ ಆಡಳಿತದ ಮುಂದೆ ಬಂತು, ಚರ್ಚೆಗಳು ನಡೆದವು, ನಕ್ಷೆ ತಿದ್ದಬೇಕಾಯಿತು. ಕೊನೆಗೆ ದಾರಿಯ ಎರಡೂ ಬದಿಯ ಗೋಡೆಗಳಲ್ಲಿ ತಿರುಗುಬಾಗಿಲುಗಳನ್ನು ಇಟ್ಟು, ಅಲ್ಲಿಂದ ಅಂಗಳಕ್ಕೆ ಇಳಿಯುವ ವ್ಯವಸ್ಥೆ ಆಯಿತು. ಕೆಲಸ ಮುಗಿಯುವ ಹೊತ್ತಿಗೆ ನಿರ್ದೇಶಕರಾಗಿದ್ದ ವಿಮ್ ಪೈಬ್ಸ್ ಮತ್ತೊಮ್ಮೆ ಸೈಕಲ್ಲು ಬೇಡವೆಂದು ವಾದಿಸಿದರು. ನಗರಾಡಳಿತ ಒಪ್ಪಲಿಲ್ಲ. ಮ್ಯೂಸಿಯಂ ತೆರೆದ ಒಂದು ತಿಂಗಳಿಗೆ, 2013ರ ಮೇ ತಿಂಗಳಲ್ಲಿ, ದಾರಿ ಸೈಕಲ್ಲುಗಳಿಗೆ ಮತ್ತೆ ತೆರೆಯಿತು.

ಈ ಜಗಳದಿಂದ ಕೆಲಸ ವರ್ಷಗಟ್ಟಲೆ ಹಿಂದೆ ಬಿತ್ತು ಎಂದು ಸೈಕಲ್ ಸವಾರರನ್ನು ದೂರಿದವರು ಆಗ ಬಹಳ ಮಂದಿ. ಆ ದೂರು ನ್ಯಾಯವಲ್ಲ. ಸೈಕಲ್ ದಾರಿ 1885ರಿಂದ ಅಲ್ಲೇ ಇತ್ತು; ಅದನ್ನು ಬಳಸುವವರು ಯಾರೆಂಬುದು ಗುಟ್ಟೇನಲ್ಲ. ಅವರನ್ನು ಮೊದಲ ಗೆರೆ ಎಳೆಯುವ ಮುಂಚೆ ಕೇಳಿದ್ದರೆ ತಿಂಗಳುಗಳಲ್ಲಿ ತೀರುತ್ತಿದ್ದ ಮಾತು, ನಕ್ಷೆ ಸಿದ್ಧವಾದ ಮೇಲೆ ಎದ್ದದ್ದರಿಂದ ವರ್ಷಗಳನ್ನು ತಿಂದಿತು. ಇವತ್ತು ಆ ದಾರಿಯಲ್ಲಿ ನಿಂತರೆ ಎರಡೂ ಕಡೆಯ ದೊಡ್ಡ ಗಾಜುಗಳ ಮೂಲಕ ಕೆಳಗಿನ ಹಜಾರ ಕಾಣುತ್ತದೆ. ಟಿಕೆಟ್ ಕೊಳ್ಳದವರೂ ಮ್ಯೂಸಿಯಂ ಒಳಗನ್ನು ಒಂದಿಷ್ಟು ನೋಡಿಯೇ ಹೋಗುತ್ತಾರೆ.

ವಿಳಂಬಕ್ಕೆ ಬೇರೆ ಕಾರಣಗಳೂ ಇದ್ದವು. ಹಳೆಯ ಕಟ್ಟಡ ಬಿಚ್ಚಿದಂತೆಲ್ಲ ಕಲ್ನಾರು ಸಿಕ್ಕಿತು. ಅದನ್ನು ತೆಗೆಯುವುದು ಎಚ್ಚರದ, ದುಬಾರಿಯ ಕೆಲಸ. ಮುಖ್ಯ ಕಾಮಗಾರಿಗೆ ಟೆಂಡರ್ ಕರೆದಾಗ ಬಂದದ್ದು ಒಂದೇ ಒಂದು ಕಂಪನಿ. ಅದು ಹೇಳಿದ ಬೆಲೆ ಅಂದಾಜಿಗಿಂತ ಎಷ್ಟೋ ಹೆಚ್ಚು. ಟೆಂಡರ್ ರದ್ದು ಮಾಡಿ, ಕೆಲಸವನ್ನು ಭಾಗ ಮಾಡಿ ಮತ್ತೆ ಕರೆಯಬೇಕಾಯಿತು. ಕಟ್ಟಡದ ಒಡೆತನ ಸರ್ಕಾರದ ಕಟ್ಟಡ ಇಲಾಖೆಯದು, ಹಣ ಸಚಿವಾಲಯದ್ದು, ಪರವಾನಗಿ ನಗರದ್ದು, ಒಳಗೆ ಬದುಕಬೇಕಾದದ್ದು ಮ್ಯೂಸಿಯಂ. ಯಾರೊಬ್ಬರ ಮಾತೂ ಕೊನೆಯ ಮಾತಲ್ಲ. ಯೋಜನೆ ಆರಂಭಿಸಿದ ನಿರ್ದೇಶಕ ರೊನಾಲ್ಡ್ ಡಿ ಲೇಯು 2008ರಲ್ಲಿ, ಕೆಲಸ ಅರ್ಧದಲ್ಲಿರುವಾಗಲೇ ಹುದ್ದೆ ಬಿಟ್ಟರು.

ಇನ್ನು ನೀರು. ಆಮ್‌ಸ್ಟರ್‌ಡ್ಯಾಮ್ ಜೌಗು ನೆಲದಲ್ಲಿ ಮರದ ಕಂಬಗಳನ್ನು ಹೂಳಿ ಕಟ್ಟಿದ ಊರು. ಮ್ಯೂಸಿಯಂ ನಿಂತಿರುವುದೂ ಸಾವಿರಾರು ಮರದ ಕಂಬಗಳ ಮೇಲೆಯೇ. ಈ ಕಂಬಗಳು ನೀರಿನಲ್ಲಿ ಮುಳುಗಿರುವಷ್ಟು ಕಾಲ ಗಟ್ಟಿ. ನೀರಿಳಿದು ಗಾಳಿ ತಾಗಿದರೆ ಕೊಳೆಯತೊಡಗುತ್ತವೆ. ಆದ್ದರಿಂದ ಅಂಗಳ ಅಗೆಯುವಾಗ ಪಂಪು ಹಾಕಿ ಸುತ್ತಲಿನ ನೀರನ್ನು ಬತ್ತಿಸಿಬಿಡೋಣ ಎಂದರೆ ಆಗುವುದಿಲ್ಲ. ಅಂತರ್ಜಲ ಮಟ್ಟಕ್ಕಿಂತ ಕೆಳಗೆ ತಗ್ಗಿಸಿದ ನೆಲವನ್ನು ಅಡಿಯಿಂದ ನೀರು ಸದಾ ಮೇಲಕ್ಕೆ ಒತ್ತುತ್ತಿರುತ್ತದೆ. ನೀರು ಜಿನುಗದ, ಮೇಲಕ್ಕೆ ಏಳದ ಕಾಂಕ್ರೀಟ್ ತೊಟ್ಟಿಯೊಂದನ್ನು ಹಳೆಯ ಗೋಡೆಗಳ ನಡುವೆ, ಅವು ಒಂದು ಕೂದಲೆಳೆಯೂ ಬಿರಿಯದಂತೆ ಇಳಿಸಬೇಕು. ಕೊನೆಗೆ ನೋಡುವವರಿಗೆ ಕಾಣುವುದು ತಿಳಿಬಣ್ಣದ ಕಲ್ಲುಹಾಸು ಮಾತ್ರ.

ಇದಕ್ಕೂ ಸೂಕ್ಷ್ಮವಾದದ್ದು ಗಾಳಿ. ಹದಿನೇಳನೆಯ ಶತಮಾನದ ಎಷ್ಟೋ ಡಚ್ ಚಿತ್ರಗಳು ಓಕ್ ಮರದ ಹಲಗೆಯ ಮೇಲೆ ಬರೆದವು. ಗಾಳಿಯಲ್ಲಿ ತೇವ ಹೆಚ್ಚಿದರೆ ಹಲಗೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಮೇಲಿನ ಬಣ್ಣದ ಪದರ ಅಷ್ಟು ಎಳೆದಾಟ ತಾಳದೆ ಬಿರುಕು ಬಿಡುತ್ತದೆ, ಚಕ್ಕೆ ಏಳುತ್ತದೆ. ಹಾಗಾಗಿ ಜಗತ್ತಿನ ಬಹುತೇಕ ಕಲಾ ಸಂಗ್ರಹಾಲಯಗಳು ತೇವಾಂಶವನ್ನು ಶೇಕಡ 50ರ ಆಸುಪಾಸಿನಲ್ಲಿ, ಉಷ್ಣಾಂಶವನ್ನು 20 ಡಿಗ್ರಿಯ ಹತ್ತಿರ ಹಿಡಿದಿಡಲು ಹೆಣಗುತ್ತವೆ. ಹೊಸ ಕಟ್ಟಡದಲ್ಲಿ ಇದು ಸಲೀಸು. ಇಟ್ಟಿಗೆಯ ಹಳೆಯ ಕಟ್ಟಡದಲ್ಲಿ ಹಾಗಲ್ಲ. ಹೊರಗೆ ಹಿಮ ಬೀಳುವಾಗ ಒಳಗಿನ ಬೆಚ್ಚನೆಯ, ತೇವ ತುಂಬಿದ ಗಾಳಿ ಗೋಡೆಯೊಳಗೆ ನುಸುಳಿ, ತಣ್ಣನೆಯ ಇಟ್ಟಿಗೆ ತಾಗಿ ನೀರಾಗುತ್ತದೆ. ಆ ನೀರು ಹೆಪ್ಪುಗಟ್ಟಿದರೆ ಇಟ್ಟಿಗೆ ಒಡೆಯುತ್ತದೆ. ಹೆಪ್ಪುಗಟ್ಟದಿದ್ದರೆ ಗೋಡೆಯಲ್ಲಿ ಹೂತ ತೊಲೆಯ ತುದಿ ಲಡ್ಡಾಗುತ್ತದೆ. ಚಿತ್ರಕ್ಕೆ ಹಿತವಾದ ಗಾಳಿ ಕಟ್ಟಡಕ್ಕೆ ವಿಷ. ಎರಡೂ ಬದುಕುವ ಹದ ಕಂಡುಹಿಡಿಯುವುದಕ್ಕೆ ನವೀಕರಣದ ಎಂಜಿನಿಯರುಗಳು ತಲೆ ಕೆಡಿಸಿಕೊಳ್ಳುವಷ್ಟು ಬೇರಾವುದಕ್ಕೂ ಕೆಡಿಸಿಕೊಳ್ಳುವುದಿಲ್ಲ.

ಗಾಳಿ ಹದಗೊಳಿಸುವ ಯಂತ್ರಗಳೂ ಅವುಗಳ ದಪ್ಪ ಕೊಳವೆಗಳೂ ಎಲ್ಲಿ ಇರಬೇಕು? ಕೌಪರ್ಸ್ ಕಟ್ಟಿದ ಕಮಾನುಗಳ ಕೆಳಗೆ ತಗಡಿನ ಕೊಳವೆ ನೇತುಹಾಕಿದರೆ ಕಟ್ಟಡ ಉಳಿಸಿದ್ದಕ್ಕೆ ಅರ್ಥವಿಲ್ಲ. ಅದಕ್ಕೇ ಕಟ್ಟಡದ ಸುತ್ತ ನೆಲದಡಿ ಸುರಂಗ ಕೊರೆದು ಕೊಳವೆ, ತಂತಿಗಳನ್ನು ಅದರೊಳಗೆ ಹಾಯಿಸಿದರು. ಅಂಗಳಗಳಲ್ಲಿ ಎತ್ತರದಿಂದ ನೇತುಬಿದ್ದ ದೊಡ್ಡ ಬಿಳಿ ಚೌಕಟ್ಟುಗಳನ್ನು ಬರೀ ಅಲಂಕಾರವೆಂದುಕೊಳ್ಳುವವರುಂಟು. ಕಲ್ಲು, ಗಾಜಿನ ಹಜಾರದಲ್ಲಿ ಸಾವಿರ ಜನರ ಮಾತು ಗದ್ದಲವಾಗಿ ಮಾರ್ದನಿಸದಂತೆ ಅವು ಸದ್ದನ್ನು ಹೀರಿಕೊಳ್ಳುತ್ತವೆ. ದೀಪಗಳೂ ಅವುಗಳಲ್ಲೇ ಇವೆ.

ಕಲಾ ಸಂಗ್ರಹಾಲಯದ ನಕ್ಷೆ ಬರೆಯುವವರು ನೋಡುಗರ ದಾರಿಯಷ್ಟೇ ಕಾಳಜಿಯಿಂದ ಕೃತಿಗಳ ದಾರಿಯನ್ನೂ ಬರೆಯಬೇಕು. ‘ನೈಟ್ ವಾಚ್’ ಸುಮಾರು 3.8 ಮೀಟರ್ ಎತ್ತರ, 4.5 ಮೀಟರ್ ಅಗಲದ ಚಿತ್ರ. ಅದು ಯಾವ ಬಾಗಿಲಿನಲ್ಲೂ, ಯಾವ ಲಿಫ್ಟಿನಲ್ಲೂ ಹಿಡಿಸುವುದಿಲ್ಲ. ಬೆಂಕಿಯೋ ಯುದ್ಧವೋ ಬಂದರೆ ಹೊರತರುವುದು ಹೇಗೆ ಎಂದು ಯೋಚಿಸಿ ಹಿಂದೆಯೇ ಆ ಕೋಣೆಯ ನೆಲದಲ್ಲಿ ಉದ್ದನೆಯ ಸೀಳು ಕೊರೆದು, ಮುಚ್ಚಳ ಮಾಡಿದ್ದರು. ನವೀಕರಣಕ್ಕಾಗಿ ಚಿತ್ರ ಇಳಿದದ್ದೂ ಆ ಸೀಳಿನಿಂದಲೇ, 2013ರ ಮಾರ್ಚ್‌ನಲ್ಲಿ ಪೆಟ್ಟಿಗೆಯೊಳಗೆ ಮೆರವಣಿಗೆಯಂತೆ ಬಂದು ಮೇಲೇರಿದ್ದೂ ಅಲ್ಲಿಂದಲೇ. ನವೀಕರಣದ ಅಷ್ಟೂ ವರ್ಷ ಅದು ಮ್ಯೂಸಿಯಂನದೇ ಆದ ಪಕ್ಕದ ಫಿಲಿಪ್ಸ್ ವಿಂಗ್ ಎಂಬ ಭಾಗದಲ್ಲಿ, ಸಂಗ್ರಹದ ಇತರ ಮೇರು ಕೃತಿಗಳ ಜೊತೆಗಿತ್ತು. ಮುಖ್ಯ ಕಟ್ಟಡ ಮುಚ್ಚಿದ್ದರೂ ಜನರಿಗೆ ರೆಂಬ್ರಾಂಟ್ ಸಿಗಲೇಬೇಕು ಎಂಬ ನಿರ್ಧಾರ ಅದು. ಹೊಸ ಜೋಡಣೆಯಲ್ಲಿ ಉಳಿದೆಲ್ಲವೂ ಜಾಗ ಬದಲಿಸಿತು. ತನ್ನ ಹಳೆಯ ಗೋಡೆಗೇ ಮರಳಿದ್ದು ‘ನೈಟ್ ವಾಚ್’ ಒಂದೇ.

ಹಳೆಯ ಅಲಂಕಾರವನ್ನು ಎಷ್ಟು ಮರಳಿ ತರಬೇಕು ಎಂಬುದಕ್ಕೆ ಸರಿಯುತ್ತರ ಯಾವ ಪುಸ್ತಕದಲ್ಲೂ ಇಲ್ಲ. ‘ಕೌಪರ್ಸ್ ಜೊತೆ ಮುಂದಕ್ಕೆ’ ಎಂಬುದು ಯೋಜನೆಯ ಘೋಷವಾಕ್ಯವಾಗಿತ್ತು. ಎಲ್ಲವನ್ನೂ 1885ಕ್ಕೆ ಒಯ್ಯುವ ಹಟ ಅದರಲ್ಲಿರಲಿಲ್ಲ. ಕೌಪರ್ಸ್ ಕಾಲದ ಮಹಾ ಹಜಾರ, ಮೆಟ್ಟಿಲಿನ ಗೋಡೆಗಳು, ಗ್ರಂಥಾಲಯದಂಥ ಕೆಲವು ಜಾಗಗಳಲ್ಲಿ ಚಿತ್ತಾರ ಪೂರ್ತಿ ಮರಳಿತು. ಉಗ್ರಾಣದಲ್ಲಿ ಸುರುಳಿ ಸುತ್ತಿಟ್ಟಿದ್ದ, ಚಿತ್ರಕಾರ ಗೇಯಾರ್ಗ್ ಸ್ಟರ್ಮ್ ಅವರ ಬೃಹತ್ ಭಿತ್ತಿಚಿತ್ರಗಳು ಮತ್ತೆ ಗೋಡೆ ಹತ್ತಿದವು. ಮಹಾ ಹಜಾರದ ಕಿತ್ತುಹೋಗಿದ್ದ ಚಿತ್ತಾರದ ನೆಲವನ್ನು ಕುಶಲಕರ್ಮಿಗಳು ಮೊಣಕಾಲೂರಿ, ಸಣ್ಣ ಸಣ್ಣ ಕಲ್ಲುಗಳನ್ನು ಒಂದೊಂದಾಗಿ ಕೂರಿಸಿ ಮತ್ತೆ ಮಾಡಿದರು. ಚಿತ್ರ ತೂಗುವ ಕೋಣೆಗಳಲ್ಲಿ ಮಾತ್ರ ಫ್ರೆಂಚ್ ವಿನ್ಯಾಸಕಾರ ಜಾನ್ ಮಿಶೆಲ್ ವಿಲ್ಮಾಟ್ ಬೂದುಬಣ್ಣದ ಛಾಯೆಗಳನ್ನೇ ಆರಿಸಿಕೊಂಡರು. ಆ ಗಾಢ ಬೂದಿನ ಮೇಲೆ ಡಚ್ ಚಿತ್ರಕಾರ ವರ್ಮೀರನ ಹಳದಿ, ನೀಲಿಗಳು ಹೊಳೆಯುವುದನ್ನು ಕಂಡವರಿಗೆ ಬಿಳಿ ಗೋಡೆಯ ಕಾಲ ಮುಗಿಯಿತೆಂಬುದು ಮನದಟ್ಟಾಗುತ್ತದೆ.

ಒಳಗಿನ ಜೋಡಣೆಯೂ ಬದಲಾಯಿತು. ಮುಂಚೆ ಚಿತ್ರಗಳು ಒಂದೆಡೆ, ಪಿಂಗಾಣಿ ಇನ್ನೊಂದೆಡೆ, ಇತಿಹಾಸದ ವಸ್ತುಗಳು ಮತ್ತೊಂದೆಡೆ. ಈಗ 80 ಕೋಣೆಗಳಲ್ಲಿ ಸುಮಾರು 8,000 ವಸ್ತುಗಳು ಶತಮಾನದ ಕ್ರಮದಲ್ಲಿ ಕೂಡಿ ಕೂತಿವೆ. ಚಿತ್ರದ ಪಕ್ಕದಲ್ಲಿ ಅದೇ ಕಾಲದ ಬೆಳ್ಳಿ ಪಾತ್ರೆ, ಪೀಠೋಪಕರಣ, ಹಡಗಿನ ಮಾದರಿ. ಏಷ್ಯಾದ ಕೃತಿಗಳಿಗೆ ಮಾತ್ರ ತೋಟದಲ್ಲಿ, ಕೊಳದ ನಡುವೆ ಕಲ್ಲು ಮತ್ತು ಗಾಜಿನ ಹೊಸ ಮಂಟಪ ಕಟ್ಟಿದರು. ಅಲ್ಲಿ ಚೋಳರ ಕಾಲದ, ಸುಮಾರು 1100ರ ನಟರಾಜನಿದ್ದಾನೆ. ಆಳೆತ್ತರದ ಈ ಕಂಚಿನ ವಿಗ್ರಹವನ್ನು ಲಾರಿಯ ಸಮೇತ ರಾಟರ್‌ಡ್ಯಾಮ್ ಬಂದರಿನ ಕಂಟೇನರ್ ಎಕ್ಸ್‌ರೇ ಯಂತ್ರದಲ್ಲಿ ಹಾಯಿಸಿ ನೋಡಿದಾಗ, ಪ್ರಭಾವಳಿಯೂ ಸೇರಿ ಒಳಗೆಲ್ಲ ಗಟ್ಟಿ ಲೋಹವೆಂದು ಖಚಿತವಾಗಿತ್ತು. ದಕ್ಷಿಣ ಭಾರತದ ಶಿಲ್ಪಿಗಳು ವಿಗ್ರಹವನ್ನು ಪೊಳ್ಳಾಗಿ ಎರೆಯುತ್ತಿರಲಿಲ್ಲ ಎಂಬುದಕ್ಕೆ ಅದೊಂದು ಸಾಕ್ಷಿ. ಇಂಥ ತೂಕದ ವಿಗ್ರಹವನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು ನೆಲ ಹಾಕುವ ಮುಂಚೆಯೇ ತೀರ್ಮಾನಿಸಿರಬೇಕಾಗುತ್ತದೆ.

ಆಮ್‌ಸ್ಟರ್‌ಡ್ಯಾಮ್‌ನ ಅಂಗಳಗಳಲ್ಲಿ ಆದಂತೆ, ಕಟ್ಟಿದ್ದು ತಪ್ಪೆಂದು ತಿಳಿಯಲು ಕೆಲವೊಮ್ಮೆ ಒಂದು ತಲೆಮಾರೇ ಬೇಕು. ಲಂಡನ್ನಿನ ನ್ಯಾಷನಲ್ ಗ್ಯಾಲರಿಗೆ 1991ರಲ್ಲಿ ಸೇನ್ಸ್‌ಬರಿ ವಿಂಗ್ ಎಂಬ ಹೊಸ ಭಾಗ ಸೇರಿತು. ವಿನ್ಯಾಸ ಅಮೆರಿಕದ ರಾಬರ್ಟ್ ವೆಂಟೂರಿ ಮತ್ತು ಡೆನಿಸ್ ಸ್ಕಾಟ್ ಬ್ರೌನ್ ಅವರದು. ಹಣ ಕೊಟ್ಟವರು ಸೇನ್ಸ್‌ಬರಿ ಸೋದರರು. ಪ್ರವೇಶದ ಹಜಾರದಲ್ಲಿ ವಾಸ್ತುಶಿಲ್ಪಿಗಳು ಯಾವ ಭಾರವನ್ನೂ ಹೊರದ ದಪ್ಪ ಕಂಬಗಳನ್ನು ನಿಲ್ಲಿಸಿದ್ದರು. ದಾನಿಗಳಲ್ಲೊಬ್ಬರಾದ ಜಾನ್ ಸೇನ್ಸ್‌ಬರಿ ಅವರಿಗೆ ಅವು ಸುತರಾಂ ಒಪ್ಪಿಗೆಯಿರಲಿಲ್ಲ. ಮಾತು ನಡೆಯದಿದ್ದಾಗ, 1990ರ ಜುಲೈನಲ್ಲಿ ಒಂದು ಪತ್ರ ಬರೆದು, ಕಟ್ಟುತ್ತಿದ್ದ ಕಂಬದೊಳಗೇ ಹಾಕಿಸಿದರು. ಈ ಸುಳ್ಳು ಕಂಬಗಳು ತಪ್ಪು, ಇವನ್ನು ಕೆಡವುವ ದಿನ ಬಂದರೆ ತನಗೆ ಸಂತೋಷ ಎಂಬುದು ಪತ್ರದ ಸಾರ. 2023ರಲ್ಲಿ ಆನಬೆಲ್ ಸೆಲ್‌ಡಾರ್ಫ್ ಅವರ ನವೀಕರಣ ಯೋಜನೆಯಂತೆ ಕಂಬ ಒಡೆದಾಗ ಕಾರ್ಮಿಕರಿಗೆ ಆ ಪತ್ರ ಸಿಕ್ಕಿತು. ಬರೆದವರು ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದರು. ಕಂಬ ತೆಗೆದು ಬೆಳಕು ಬಿಟ್ಟ ಹಜಾರ 2025ರ ಮೇ ತಿಂಗಳಲ್ಲಿ ತೆರೆಯಿತು.

ಬೆಂಗಳೂರಿನವರಿಗೆ ಈ ಪ್ರಶ್ನೆಗಳು ದೂರದವಲ್ಲ. ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲು 2009ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಾದಾಗ ಮಹಲನ್ನು ಹಾಗೇ ಉಳಿಸಿ, ಅದರ ಹಿಂದೆ ಹೊಸ ಕಟ್ಟಡ ಸೇರಿಸಿ, ಆವರಣದ ಹಳೆಯ ಮರಗಳನ್ನೂ ಕಾಪಾಡಿಕೊಂಡರು. ಒಳ್ಳೆಯ ಕೆಲಸ. ಕಸ್ತೂರ್ಬಾ ರಸ್ತೆಯ ವೆಂಕಟಪ್ಪ ಕಲಾ ಗ್ಯಾಲರಿಯ ಕತೆ ಬೇರೆ. ಅವನೀಂದ್ರನಾಥ ಟಾಗೋರರಲ್ಲಿ ಕಲಿತು ಬಂದ ಕೆ. ವೆಂಕಟಪ್ಪನವರ ಜಲವರ್ಣಗಳಿಗೂ ಉಬ್ಬುಶಿಲ್ಪಗಳಿಗೂ ಅದು ಮನೆ. ಕಡಿಮೆ ಬಾಡಿಗೆಗೆ ಹಾಲ್ ಹಿಡಿದು ಮೊದಲ ಪ್ರದರ್ಶನ ಮಾಡಿದ ಎಷ್ಟೋ ಕಲಾವಿದರಿಗೆ ತವರು. ಅದನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ದತ್ತು ಕೊಡುವ ಒಪ್ಪಂದವನ್ನು ಸರ್ಕಾರ 2015ರಲ್ಲಿ ಮಾಡಿಕೊಂಡಾಗ, ತಮ್ಮನ್ನು ಒಂದು ಮಾತೂ ಕೇಳಲಿಲ್ಲವೆಂದು ಕಲಾವಿದರು 2016ರಲ್ಲಿ ಬೀದಿಗಿಳಿದರು. ಆ ಯೋಜನೆ ಮುಂದೆ ಸಾಗಲಿಲ್ಲ.

ಕಲಾವಿದರು ಎತ್ತಿದ್ದ ಆಕ್ಷೇಪ ನವೀಕರಣವೇ ಬೇಡವೆಂಬುದಲ್ಲ. ನಿರ್ಧಾರ ಯಾರದು, ಗ್ಯಾಲರಿ ಯಾರಿಗೆ ಎಂಬುದು. ಇಂಥ ಗ್ಯಾಲರಿಗೆ ಕೈ ಹಾಕುವ ಯಾರೇ ಆಗಲಿ, ವಾಸ್ತುಶಿಲ್ಪಿಯನ್ನು ಕರೆಯುವ ಮುಂಚೆ ಕೆಲವು ಉತ್ತರಗಳನ್ನು ಬರೆದು ಊರಿನ ಮುಂದಿಡಬೇಕು: ವೆಂಕಟಪ್ಪನವರ ಕಾಗದದ ಮೇಲಿನ ಜಲವರ್ಣಗಳಿಗೆ ಬೆಂಗಳೂರಿನ ಮಳೆಗಾಲದ ತೇವ ತಾಗದಂತೆ ಮಾಡುವುದು ಹೇಗೆ, ಕೆಲಸ ನಡೆಯುವಷ್ಟು ಕಾಲ ಅವು ಎಲ್ಲಿರುತ್ತವೆ, ಜನ ನೋಡುವಂತಿರುತ್ತವೆಯೇ, ಶಿಲ್ಪ ತರುವ ಲಾರಿ ಕಸ್ತೂರ್ಬಾ ರಸ್ತೆಯ ದಟ್ಟಣೆಯಲ್ಲಿ ಎಲ್ಲಿ ನಿಲ್ಲುತ್ತದೆ, ಕಬ್ಬನ್ ಪಾರ್ಕಿನ ಕಡೆಯಿಂದ ನಡೆದು ಬರುವವರಿಗೆ ಬಾಗಿಲು ಯಾವುದು, ಹೊಸ ಕಟ್ಟಡದಲ್ಲಿ ಹಾಲ್ ಬಾಡಿಗೆ ಎಷ್ಟು, ಅದನ್ನು ಗೊತ್ತುಮಾಡುವವರು ಯಾರು.